ದೊಡ್ಡೇರಿಯಲ್ಲಿ ಕೂತು ಗಣಿಯ ಚಾವಣಿ ಕಾಯುವ ಲೋಹಿತಾ

ಬೆಳಗಿನ ಐದೂವರೆ. ದೊಡ್ಡೇರಿಯ ಮನೆಯ ಮಹಡಿ ಕೋಣೆಯಲ್ಲಿ ಲೋಹಿತಾ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ತೆಲುಗು ಸೀಮೆಯ ಒಂದು ಕಲ್ಲಿದ್ದಲು ಗಣಿ, ನೆಲದಡಿ ಇನ್ನೂರೆಂಬತ್ತು ಮೀಟರ್. ಮೇಲಿನ ಭಾರ ಹೊರಲೆಂದೇ ಅಗೆಯದೆ ಬಿಟ್ಟ ಕಲ್ಲಿದ್ದಲ ಕಂಬಗಳು ಸಾಲಾಗಿ ನಿಂತಿವೆ. ಗಟ್ಟಿಯಿದ್ದರೆ ಹಸಿರು, ಸೋಲುತ್ತಿದ್ದರೆ ಕೆಂಪು. ಇಂದು ಏಳನೆಯ ಕಂಬ ಕೆಂಪಾಗಿದೆ.

ಏಳು ಗಂಟೆಗೆ ನಲವತ್ತೆರಡು ಜನ ಅಲ್ಲಿಗೆ ಇಳಿಯುವವರು. ಎಲ್ಲಿ ಕೆಲಸ ಮಾಡಬಹುದು, ಎಲ್ಲಿ ಕೂಡದು ಎಂಬ ಇವರ ಮಾತು ಅಷ್ಟರೊಳಗೆ ತಲುಪಬೇಕು.

ಫೋನಿನಲ್ಲಿ ಅಡವಯ್ಯ. ಪಾವಗಡ ಕಡೆಯವರು, ಆ ಗಣಿಯಲ್ಲಿ ಚಾವಣಿಗೆ ಮರದ ಆಸರೆ ಕೊಡುವ ಕೆಲಸ. ಮೇಲಿನ ಭಾರ ಹೆಚ್ಚಿದರೆ ಆ ಮರ ಕಿರುಗುಟ್ಟಿ ಎಚ್ಚರಿಸುತ್ತದೆ.

"ಏಮ್ಮಾ ಲೋಹಿತಮ್ಮ, ನಿನ್ ಪೆಟ್ಗೆ ಏನಂತೈತೆ?"

"ಏಳನೇ ಕಂಬದ ಹತ್ರ ಯಾರೂ ಸುಳೀಬಾರ್ದು ಅಂತದೆ ಅಣ್ಣ. ನಿಮ್ ಮರ?"

"ನಿನ್ನೆ ಮಧ್ಯಾಹ್ನದಿಂದ ಕಿರ್ ಅಂತೈತೆ. ಎರಡೂ ಒಂದೇ ಮಾತಾಡ್ತವೆ ಬುಡು!"

ಮೇಲಿನ ಭಾರ ಹತ್ತು ಪಾಲಿದ್ದರೆ ಕಂಬಕ್ಕೆ ಹೊರುವ ಶಕ್ತಿ ಹದಿನೈದು ಪಾಲಾದರೂ ಇರಬೇಕೆಂಬುದು ಲೋಹಿತಾರ ಲೆಕ್ಕ. ಏಳನೆಯದಕ್ಕೆ ಹನ್ನೊಂದೇ ಬಂದಿದೆ. "ಹತ್ತಕ್ಕಿಂತ ಜಾಸ್ತಿನೇ ಅಲ್ವಾ ಮೇಡಂ?" ಎಂದು ಗಣಿಯ ಮ್ಯಾನೇಜರ್ ಗೊಣಗುತ್ತಾರೆ. "ನಿಮ್ಮನೆ ಚಾವಣಿಗೆ ಹನ್ನೊಂದು ಸಾಕಾ ಸಾರ್?" ಎನ್ನುತ್ತಾರೆ ಇವರು. ಆ ಸಾಲು ಮುಚ್ಚಿಸುತ್ತೇನೆ ಎಂದು ಮ್ಯಾನೇಜರ್ ಒಪ್ಪುತ್ತಾರೆ.

ಗಣಿಯೊಳಗೆ ಅರವತ್ತಮೂರು ಕಡೆ ಚಾವಣಿ ಎಷ್ಟು ಜಗ್ಗಿದೆ ಎಂದು ಅಳೆಯುತ್ತಾರೆ. ಸಂಜೆ ಆ ಅಳತೆ ಬರುತ್ತದೆ. ಲೋಹಿತಾ ತುಂಬಿಸಿಟ್ಟರೆ ಕಂಪ್ಯೂಟರ್ ಐದಾರು ಗಂಟೆ ಲೆಕ್ಕ ಹಾಕಿ ಬೆಳಗಿಗೆ ಚಿತ್ರ ಕೊಡುತ್ತದೆ. ಆದರೆ ಬರೀ ಚಿತ್ರ ನಂಬಿ ಇವರು ಉತ್ತರ ಕಳಿಸುವುದಿಲ್ಲ. ಅದಕ್ಕೊಂದು ಕಾರಣವಿದೆ.

ತಂದೆ ರುದ್ರಮುನಿಯವರದು ಚಪ್ಪಡಿ ಕಲ್ಲಿನ ವ್ಯಾಪಾರ. ಎರಡು ಗೋಡೆಯ ಮೇಲೆ ಒಂದು ಚಪ್ಪಡಿ ಎಳೆದರೆ ತಲೆಮಾರುಗಟ್ಟಲೆ ಕೂರುವ ಊರಿನಲ್ಲಿ ಬೆಳೆದ ಇವರು, ನಾಲ್ಕು ವರ್ಷದ ಕೆಳಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಣಿಯ ಚಾವಣಿಯನ್ನೂ ಒಂದೇ ಅಖಂಡ ಕಲ್ಲೆಂದು ಕಂಪ್ಯೂಟರಿಗೆ ತುಂಬಿಸಿಬಿಟ್ಟರು. ಕಂಬಗಳೆಲ್ಲ ಹಸಿರೋ ಹಸಿರು!

ಅಡವಯ್ಯ ಒಪ್ಪಲಿಲ್ಲ. "ಇದೇನು ಮಧುಗಿರಿ ಬೆಟ್ಟ ಅಂದ್ಕಂಡ್ಯೇನಮ್ಮ, ಒಂದೇ ಬಂಡೆ ಇರಾಕೆ? ಒಬ್ಬಟ್ಟು ಪೇರಿಸ್ದಂಗೈತೆ ಕಣಮ್ಮ. ಪದರ ಪದರಾನೇ ಬುಡ್ಕಂತದೆ" ಎಂದು ಜನರನ್ನು ಅಡ್ಡಗಟ್ಟಿ ನಿಂತರು. ಅದೇ ಸಂಜೆ ಅಂಗಳದಗಲ ಪದರ ಕಳಚಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ.

"ಅವತ್ತು ಅವ್ರು ನಿಂತಿದ್ದು ಇಳಿಯೋ ಜನಕ್ಕಷ್ಟೇ ಅಲ್ಲ, ನನಗೂ" ಎನ್ನುವಾಗ ಲೋಹಿತಾರ ದನಿ ತಗ್ಗುತ್ತದೆ. ಅಂದಿನಿಂದ ಚಾವಣಿಯನ್ನು ಪದರ ಪದರವಾಗಿಯೇ ಬರೆಯುತ್ತಾರೆ. ಮರವನ್ನು ಕೇಳದೆ ಉತ್ತರ ಬರೆಯುವುದಿಲ್ಲ.

ಮಧ್ಯಾಹ್ನ ಮೂರೂವರೆಗೆ ಅಡವಯ್ಯನವರ ಫೋನು ಬರುತ್ತದೆ. "ನಲವತ್ತೆರಡು ಜನಾನೂ ಮ್ಯಾಲಕ್ಕೆ ಬಂದ್ವಿ ಕಣಮ್ಮ, ಉಣ್ಣೋಗು." ಮೆಟ್ಟಿಲ ಕೆಳಗಿಂದ ರುದ್ರಮುನಿ ಕೂಗುತ್ತಾರೆ: "ಎಲ್ರೂ ಬಂದ್ರೇನಮ್ಮ?"

"ಬಂದ್ರು ಅಪ್ಪಾಜಿ."

ಲೋಹಿತಾ ಇದುವರೆಗೆ ಗಣಿ ಕಂಡವರಲ್ಲ. ಆಸೆ ಏನೆಂದು ಕೇಳಿದರೆ ನಗುತ್ತಾರೆ. "ಅಡವಯ್ಯಣ್ಣ ರಿಟೈರ್ ಆಗೋದ್ರೊಳಗೆ ಒಂದ್ಸಲ ಅವ್ರ ಹಿಂದೆ ಇಳೀಬೇಕು. ಆ ಮರಕ್ಕೆ ನಾನೂ ಕಿವಿ ಕೊಟ್ಟು ಕೇಳ್ಬೇಕು."