ಬಾವಿ ನೀರು ತಗ್ಗಲೆಂದು ಕಾದ ಬೇಸಗೆ

ನಾನು ಸುಳ್ಳು ಬರೆದದ್ದು ಒಂದೇ ಒಂದು ಚೀಟಿಯಲ್ಲಿ. ಮೂರು ಬೆರಳಗಲದ ಕಾಗದ. ಅದರಿಂದಾಗಿ ಒಂದು ಇಡೀ ಬೇಸಗೆ ನಾನು ಪಟ್ಟದ್ದನ್ನು ಈ ವಯಸ್ಸಿನಲ್ಲಿ ಹೇಳಲು ಕುಳಿತಿದ್ದೇನೆ.

ಆಗ ನನಗೆ ಇಪ್ಪತ್ತೆರಡು. ನಮ್ಮದು ಯಗಟಿಯಲ್ಲಿ ರಾಗಿ ಹೊಲ, ಕುರಿ ಮಂದೆ ಇದ್ದ ಮನೆ. ಓದು ಬರಹ ಬರುತ್ತದೆ, ಬಿಸಿಲಲ್ಲಿ ದಣಿಯದೆ ನಡೆಯುತ್ತಾನೆ ಎಂಬ ಎರಡು ಕಾರಣಕ್ಕೆ ಒಬ್ಬರು ಅಧಿಕಾರಿಗಳು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಅವರು ಮದರಾಸಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು. ಸರ್ಕಾರದ ಪರವಾಗಿ ನಮ್ಮ ಸೀಮೆಯ ಕಲ್ಲುಗಳನ್ನು ಪರೀಕ್ಷಿಸುತ್ತಿದ್ದರು. ತರೀಕೆರೆಯ ಮುಸಾಫಿರಖಾನೆಯಲ್ಲಿ ಅವರ ಬಿಡಾರ. ಕಡೂರಿನಿಂದ ಅಜ್ಜಂಪುರದವರೆಗೆ ಊರೂರು ತಿರುಗಿ, ಅವರು ಹೇಳಿದ ಜಾಗದ ಕಲ್ಲನ್ನು ಸುತ್ತಿಗೆಯಿಂದ ಒಡೆದು, ಎಲ್ಲಿ ಸಿಕ್ಕಿತೆಂದು ಚೀಟಿ ಬರೆದು, ಹುಲ್ಲಿನಲ್ಲಿ ಸುತ್ತಿ ತಂದುಕೊಡುವುದು ನನ್ನ ಕೆಲಸ.

ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ನಮ್ಮ ಕಡೆ ಹೊಲದಲ್ಲಿ, ಗುಡ್ಡದ ಬುಡದಲ್ಲಿ ಹಸಿರು ಛಾಯೆಯ ಒಂದು ಕರಿಕಲ್ಲು ಸಿಗುತ್ತದೆ. ಕೆಲವು ಕಡೆ ಅದರ ಮೈತುಂಬ ಕಡಲೆಕಾಳಿನಷ್ಟು ಬಿಳಿ ಚುಕ್ಕೆ. ನಾವೆಲ್ಲ ಅದನ್ನು ಹೊಲದ ಬದುವಿಗೆ ಹಾಕುತ್ತಿದ್ದೆವು. ಅವರು ಅಂಥದೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನನಗೆ ಹೇಳಿದ್ದರು: "ಇದು ಕುದಿದ ಕಲ್ಲು ಕಣಯ್ಯಾ. ಈ ಚುಕ್ಕೆಗಳೆಲ್ಲ ಗಾಳಿಗುಳ್ಳೆ ಇದ್ದ ಜಾಗ. ಆಮೇಲೆ ಬಿಳಿ ಕಲ್ಲು ಬೆಳೆದು ತುಂಬಿಕೊಂಡಿದೆ. ಈ ನೆಲದ ಮೇಲೆ ಜ್ವಾಲಾಮುಖಿ ಉಕ್ಕಿತ್ತು."

ಬೆಂಗಳೂರಿನಲ್ಲಿದ್ದ ಅವರ ಮೇಲಧಿಕಾರಿಗಳು ಇದನ್ನು ಒಪ್ಪಿರಲಿಲ್ಲ. ಕಲ್ಲು ಕರಗಿದ್ದು ನಿಜ, ಆದರೆ ಅದು ನೆಲದ ಮೇಲೆ ಹರಿದದ್ದಲ್ಲ, ನೆಲದೊಳಗೇ ಬಿರುಕಿನಲ್ಲಿ ನುಗ್ಗಿ ಅಲ್ಲೇ ತಣ್ಣಗಾದದ್ದು ಎಂದು ಅವರ ವಾದ. ಹಾಗಾದರೆ ಅದು ಜ್ವಾಲಾಮುಖಿ ಅಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಒಂದು ಸಾಕ್ಷಿ ಬೇಕಾಗಿತ್ತು.

ಆ ಸಾಕ್ಷಿ ತಂದುಕೊಟ್ಟವನು ನಾನೇ. ತೆಂಗಿನಕಾಯಿ ಗಾತ್ರದ ಕಲ್ಲು. ಕೆಳಗಿನ ಅರ್ಧ ಗುಳ್ಳೆ ಗುಳ್ಳೆಯ ಕರಿಕಲ್ಲು, ಮೇಲಿನ ಅರ್ಧ ಬೂದು ಬಣ್ಣದ ಮಣ್ಣುಕಲ್ಲು. ಕರಿಕಲ್ಲಿನ ಬಿರುಕುಗಳಿಗೆ ಮಣ್ಣು ಇಳಿದು ಕೂತಿತ್ತು. ಮಣ್ಣಿನೊಳಗೆ ಕರಿಕಲ್ಲಿನ ಚೂರುಗಳೂ ಇದ್ದವು. ಅಧಿಕಾರಿಗಳು ಅದನ್ನು ಕಿಟಕಿಯ ಬಳಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿ, ನನಗೆ ಬಿಡಿಸಿ ಹೇಳಿದರು: ಕರಗಿದ ಕಲ್ಲು ಬಯಲಿನಲ್ಲಿ ಹರಿದು, ಬಿಸಿಲು ಗಾಳಿಯಲ್ಲಿ ತಣ್ಣಗಾಗಿ ಬಿರುಕು ಬಿಟ್ಟಿದೆ. ಆಮೇಲೆ ನೀರು ಬಂದು ಅದರ ಮೇಲೆ ಕೆಸರು ಹಾಸಿದೆ. ನೆಲದೊಳಗೆ ನುಗ್ಗಿದ ಕಲ್ಲಾಗಿದ್ದರೆ ಹೀಗೆ ಇರಲು ಸಾಧ್ಯವೇ ಇಲ್ಲ.

"ಎಲ್ಲಿ ಸಿಕ್ತು?" ಎಂದರು. ಚೀಟಿಯಲ್ಲಿ ಇರುವುದನ್ನೇ ಹೇಳಿದೆ. ಅಜ್ಜಂಪುರದ ಆಚೆಯ ಒಂದು ಹಳ್ಳದ ದಂಡೆ.

ಅಲ್ಲಿ ಸಿಕ್ಕಿರಲಿಲ್ಲ. ಭೂಮಿಗೆ ಅಂಟಿಕೊಂಡ ಬಂಡೆಯಿಂದಲೇ ಕಲ್ಲು ಒಡೆಯಬೇಕು, ಬಿಡಿ ಕಲ್ಲನ್ನು ಹೆಕ್ಕಬಾರದು ಎಂಬುದು ಅವರು ಮೊದಲ ದಿನವೇ ಹಾಕಿದ ಕಟ್ಟಳೆ. ಆ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಹಳ್ಳದವರೆಗೆ ನಡೆಯಲು ಸೋಮಾರಿತನ. ರಸ್ತೆ ರಿಪೇರಿಗೆಂದು ಗಾಡಿಯವರು ಸುರಿದಿದ್ದ ಗುಡ್ಡೆಯಿಂದ ಚೆಂದ ಕಂಡ ಕಲ್ಲೊಂದನ್ನು ಎತ್ತಿಕೊಂಡು, ಹೋಗಬೇಕಿದ್ದ ಹಳ್ಳದ ಹೆಸರು ಬರೆದೆ. ಅಷ್ಟೇ ನಾನು ಮಾಡಿದ್ದು.

ಅಧಿಕಾರಿಗಳು ಬೆಂಗಳೂರಿಗೆ ಬರೆದರು. ಮೇಲಧಿಕಾರಿಗಳು ಸ್ವತಃ ರೈಲಿನಲ್ಲಿ ಬಂದು ಅಜ್ಜಂಪುರದಲ್ಲಿ ಇಳಿದರು. ಹಳ್ಳದ ಎರಡೂ ದಂಡೆಯನ್ನು ನಾವು ಬೆಳಗಿನಿಂದ ಸಂಜೆಯವರೆಗೆ ತಡಕಿದೆವು; ಅಂಥ ಕಲ್ಲು ಸಿಗಲಿಲ್ಲ. ನಮ್ಮ ಅಧಿಕಾರಿಗಳಿಗೆ ಆಗಲೇ ತರೀಕೆರೆಯ ಚಳಿಜ್ವರ ಹಿಡಿದಿತ್ತು. ಕ್ವಿನೈನ್ ನುಂಗಿ, ಕಿವಿ ಗುಂಯ್‌ಗುಡುತ್ತಿದ್ದರೂ ಮೊಣಕಾಲೂರಿ ಬಂಡೆಗಳನ್ನು ಸವರುತ್ತಿದ್ದರು. ನನಗೆ ಬಾಯಿ ಬಿಡಲಾಗಲಿಲ್ಲ. ಹೊರಡುವಾಗ ಮೇಲಧಿಕಾರಿಗಳು ಸಿಟ್ಟೇನೂ ಮಾಡಲಿಲ್ಲ. "ಕಲ್ಲೇನೋ ಚೆನ್ನಾಗಿದೆ. ಹುಟ್ಟಿದ ಜಾಗ ಗೊತ್ತಿಲ್ಲದ ಕಲ್ಲಿನ ಮಾತನ್ನ ನಾನು ನಂಬೋದು ಹೇಗೆ? ಮಳೆ ಹಿಡಿದರೆ ಈ ಕಡೆ ಕೆಲಸ ಮುಗೀತು. ಅಷ್ಟರೊಳಗೆ ತೋರಿಸಿ" ಎಂದು ಹೋದರು.

ತರೀಕೆರೆಗೆ ಮರಳಿದ ಮೇಲೆ ನಾನು ಅವರ ಮಂಚದ ಬಳಿ ನಿಂತು ನಿಜ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಕಡೆಗೇ ನೋಡುತ್ತ, "ಆ ಗುಡ್ಡೆಗೆ ಕಲ್ಲು ಎಲ್ಲಿಂದ ಬಂತು ಅಂತ ಹುಡುಕು. ನನಗೆ ಮತ್ತೊಂದು ಬೇಸಗೆ ಸಿಗೋದಿಲ್ಲ" ಎಂದರು. ಅವರಿಗೆ ಆಗ ಮೂವತ್ತಾರೋ ಮೂವತ್ತೇಳೋ ಇದ್ದಿರಬೇಕು.

ಹನ್ನೊಂದು ದಿನ ಹುಡುಕಿದೆ. ಗುಡ್ಡೆಯ ಕಲ್ಲೆಲ್ಲ ಆಗಲೇ ಜಲ್ಲಿಯಾಗಿ ರಸ್ತೆಯಡಿ ಸೇರಿತ್ತು. ಗಾಡಿಯವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದೆ. ಕೊನೆಗೆ ರಸ್ತೆ ಕೆಲಸದ ಮೇಸ್ತ್ರಿ ಬೀಡಿ ಆರಿಸಿ ಹೇಳಿದ: "ಬೂದುಗಲ್ಲು ಕರಿಗಲ್ಲು ಅಂಟ್ಕೊಂಡಿದ್ದಾ? ಅದು ಯಗಟಿ ದಾರೀಲಿ ಒಂಟಿಮನೆ ಅವ್ವಾರು ಬಾವಿ ತೋಡ್ಸಿದ್ರಲ್ಲ, ಆ ಬಾವಿ ಕಲ್ಲು ಕಣಪ್ಪ."

ಓಡಿದೆ ಎಂದೇ ಹೇಳಬೇಕು. ಅದು ಮಠಕ್ಕೆ ನಡೆದುಕೊಳ್ಳುವ ಒಂದು ರೈತರ ಮನೆ. ಗಂಡ ತೀರಿಕೊಂಡ ಮೇಲೆ ಒಕ್ಕಲುತನವನ್ನೆಲ್ಲ ಆ ಅವ್ವನೇ ನೋಡಿಕೊಳ್ಳುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಕುಡುಗೋಲು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು ಬಾವಿಯ ಹತ್ತಿರ ಕರೆದುಕೊಂಡು ಹೋದಳು.

"ಮೇಲೆ ಮಣ್ಣು, ಆಮೇಲೆ ಬೂದುಗಲ್ಲು, ಅದ್ರ ಕೆಳ್ಗೆ ಕರಿಗಲ್ಲು. ಕರಿಗಲ್ಲು ಸಿಕ್ಕಿದ್ಮೇಲೆ ತೋಡೋರು ಅಳ್ತಾ ತೋಡಿದ್ರು" ಎಂದಳು. "ನೀನು ಕೇಳೋ ಜಾಗ ನೀರಿನ್ ಒಳ್ಗೆ ಅದೆ. ಒಂದಾಳು ಕೆಳ್ಗೆ."

"ಅವ್ವಾ, ಎರಡು ದಿನ ಕಪಿಲೆಗೆ ಎತ್ತು ಹೂಡಿ ನೀರು ಎತ್ತಿಸಿದ್ರೆ..."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. "ಚೈತ್ರ ಮಾಸದಾಗೆ ಬಾವಿ ಬರಿದು ಮಾಡು ಅಂತೀಯಾ? ಮೂರು ಮನೆ ಇದ್ರಾಗೆ ಕುಡೀತವೆ. ದನ ಅವೆ. ಎಳೇ ತೆಂಗು ಅವೆ. ನೀನು ಕಲ್ಲು ನೋಡ್ಕೊಂಡು ಹೋಯ್ತೀಯ, ನಾವೇನ್ ಕುಡಿಯಾನ?"

ಅವಳದ್ದು ನ್ಯಾಯದ ಮಾತು. ನಾನು ತರೀಕೆರೆಗೆ ಹೋಗಿ ಹೇಳಿದೆ. "ಆಕೆ ಹೇಳಿದ್ದು ಸರಿ. ಒತ್ತಾಯ ಮಾಡಬೇಡ" ಎಂದರು ಅಧಿಕಾರಿಗಳು. ತಾಲ್ಲೂಕಿನ ಅಮಲ್ದಾರರಿಗೆ ಒಂದು ಕಾಗದ ಬರೆದಿದ್ದರೆ ಕೆಲಸ ಆಗುತ್ತಿತ್ತೋ ಏನೋ; ಅವರು ಬರೆಯಲಿಲ್ಲ. "ನೀರು ತಾನಾಗಿ ಎಷ್ಟು ತಗ್ಗುತ್ತೆ ಅಂತ ನೋಡ್ತಿರು" ಎಂದಷ್ಟೇ ಹೇಳಿ ಕಂಬಳಿ ಎಳೆದುಕೊಂಡರು.

ನಾನು ಮರಳಿ ಹೋಗಿ ಒಂಟಿಮನೆಯ ಜಗಲಿಯಲ್ಲೇ ಉಳಿದೆ. ದಿನಾ ಬೆಳಿಗ್ಗೆ ದಾರಕ್ಕೆ ಕಲ್ಲು ಕಟ್ಟಿ ಬಿಟ್ಟು ನೀರು ಅಳೆಯುತ್ತಿದ್ದೆ. ಅವ್ವ ಕೂಡ ದಿನಾ ಬೆಳಿಗ್ಗೆ ಬಾವಿ ಇಣುಕುತ್ತಿದ್ದಳು. ಅವಳಿಗೆ ನೀರು ನಿನ್ನೆಯಷ್ಟೇ ಇರಲಿ ಎಂದು ಆಸೆ, ನನಗೆ ಒಂದು ಗೇಣಾದರೂ ತಗ್ಗಿರಲಿ ಎಂದು. ಒಂದು ಬೆಳಿಗ್ಗೆ ದಾರದ ಗಂಟು ನೋಡಿ ನನ್ನ ಮುಖ ಅರಳಿದ್ದನ್ನು ಅವಳು ಕಂಡುಬಿಟ್ಟಳು.

"ನಮ್ ನೀರು ಇಂಗಿದ್ರೆ ನಿಂಗೆ ಸಂತೋಷ ಅಲ್ವೇನೋ?" ಎಂದಳು.

ನಾನು ದಾರ ಸುತ್ತತೊಡಗಿದೆ. ಅವಳು ಮೂಲೆಯಲ್ಲಿದ್ದ ಬಿಂದಿಗೆ ತೋರಿಸಿ, "ಸುಮ್ನೆ ಕೂರ್ಬೇಡ. ತೆಂಗಿನ್ ಸಸಿಗೆ ನೀರು ಹೊಯ್ಯಿ. ಗಿಡಕ್ಕೆ ಒಂದೇ ಬಿಂದ್ಗೆ" ಎಂದಳು.

ಹೀಗೆ ನೀರು ಸೇದುವ ಕೆಲಸ ನನ್ನ ಕೈಗೆ ಬಂತು. ತರೀಕೆರೆಯಿಂದ ಬಂದ ಗಾಡಿಯವನು, "ನಿಮ್ಮ ಸ್ವಾಮ್ಯೋರು ಗಂಜಿನೂ ಮುಟ್ತಿಲ್ಲ ಕಣ್ರೀ" ಎಂದು ಅಧಿಕಾರಿಗಳ ಸುದ್ದಿ ಹೇಳಿಹೋದ ದಿನ ನನ್ನ ಬುದ್ಧಿ ಕೆಟ್ಟಿತು. ಮಧ್ಯಾಹ್ನ ಮನೆಯವರೆಲ್ಲ ಒಳಗೆ ಇದ್ದರು. ಸಸಿಗಳಿಗೆ ಹೊಯ್ದು ಮುಗಿದ ಮೇಲೂ ಸೇದಿದೆ. ಸೇದಿ ಸೇದಿ ಬೇಲಿಯಾಚೆಯ ಮುಳ್ಳುಕಂಟಿಗೆ ಸುರಿದೆ. ಎಷ್ಟು ಬಿಂದಿಗೆಯೋ ಲೆಕ್ಕ ಇಡಲಿಲ್ಲ. ಅಂಗೈ ಬೊಬ್ಬೆ ಒಡೆದು ಹಗ್ಗಕ್ಕೆ ರಕ್ತ ಹತ್ತಿತು. ಹಾಗೆ ಒಬ್ಬನೇ ಸೇದಿ ಬಾವಿ ಬತ್ತಿಸಲು ಆಗುವುದಿಲ್ಲವೆಂದು ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ.

ತಿರುಗಿ ನೋಡಿದರೆ ಅವ್ವ ನಿಂತಿದ್ದಳು. ಕಂಟಿಯ ಬುಡದ ಕೆಸರನ್ನು ನೋಡಿದಳು, ನನ್ನ ಕೈ ನೋಡಿದಳು.

"ಎದ್ದು ಹೋಗು" ಎಂದಳು. ಕೂಗಲಿಲ್ಲ. "ನಿನ್ಗೆ ಅನ್ನ ಇಕ್ಕಿದ್ದೆ ಕಣೋ ನಾನು."

ತರೀಕೆರೆಗೆ ನಡೆದು ಹೋದೆ. ದಾರಿಯಲ್ಲಿ ಒಂದು ಕಡೆ ಕುಳಿತು ಅತ್ತೆ. ಅಧಿಕಾರಿಗಳಿಗೆ ಇದನ್ನೂ ಹೇಳಿದೆ. ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲ. ಅವರು ತುಂಬ ಸೊರಗಿದ್ದರು. "ನನ್ನಿಂದ ನೀನು ಹಾಳಾದೆ" ಎಂದರು. ಅವರಿಂದ ನಾನಲ್ಲ, ನನ್ನಿಂದ ಅವರು ಎಂದು ಹೇಳಬೇಕಿತ್ತು. ವೈಶಾಖ ಕಳೆಯುವವರೆಗೆ ಅವರ ಹಣೆಗೆ ಒದ್ದೆ ಬಟ್ಟೆ ಹಾಕುವುದು, ಗಂಜಿ ಕಾಯಿಸುವುದು ಇಷ್ಟೇ ನನ್ನ ಕೆಲಸವಾಯಿತು. ಆಕಾಶದಲ್ಲಿ ಮೋಡ ಕಂಡರೆ ಮಳೆ ಬಂದೇಬಿಟ್ಟಿತೇ ಎಂದು ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದೆವು.

ಒಂದು ದಿನ ಅದೇ ಗಾಡಿಯವನು ಬಂದ. "ಒಂಟಿಮನೆ ಬಾವಿ ತಳ ಕಾಣ್ಸ್ತಾ ಅದೆ. ಹೂಳು ಎತ್ತಾಕೆ ಇಳೀತಾರಂತೆ. ಆ ಕಲ್ಲಿನೋನು ಬಂದು ಹೂಳು ಹೊರಲಿ ಅಂದ್ರು ಅವ್ವಾರು."

ನಾನು ಹೋಗಿ ಬಾವಿಗೆ ಇಳಿದೆ. ಎರಡು ದಿನ ಕುಕ್ಕೆಯಲ್ಲಿ ಹೂಳು ತುಂಬಿ ಕೊಟ್ಟೆ. ಎರಡನೆಯ ದಿನ ಗೋಡೆಯ ಪಾಚಿ ತೊಳೆದಾಗ ನನ್ನ ಎದೆಯ ಮಟ್ಟದಲ್ಲಿ ಅದು ಕಂಡಿತು. ಮೇಲೆ ಬೂದು, ಕೆಳಗೆ ಗುಳ್ಳೆಗಲ್ಲು, ನಡುವೆ ಅಂಕುಡೊಂಕಾದ ಗೆರೆ. ಬಾವಿಯ ಸುತ್ತಲೂ ಓಡಿದ ಆ ಗೆರೆಯ ಮೇಲೆ ಅಂಗೈ ಇಟ್ಟು ನಿಂತೆ.

ಮರುದಿನ ಅಧಿಕಾರಿಗಳನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿ ತಂದೆವು. ಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಕೂರಿಸಿ ಇಳಿಸಿದೆವು. ಜ್ವರದಲ್ಲಿ ನಡುಗುತ್ತಲೇ ಅವರು ಗೆರೆಯನ್ನು ಅಂಗುಲ ಅಂಗುಲವಾಗಿ ನೋಡಿದರು, ಅಳತೆ ಹಿಡಿದು ಚಿತ್ರ ಬರೆದರು. ಮೂರು ಕಡೆ ತುಂಡು ಒಡೆಯಲು ಹೇಳಿದರು. ಒಡೆದೆ. ಆ ಮೂರು ಚೀಟಿಗಳನ್ನು ಅವರೇ ಬರೆದರು.

ಮೇಲೆ ಬಂದ ಮೇಲೆ ಅವ್ವ ಅವರಿಗೆ ಮಜ್ಜಿಗೆ ಕೊಟ್ಟು ಕೇಳಿದಳು: "ಇಲ್ಲಿ ಬೆಂಕಿ ಉಕ್ಕಿತ್ತಂತೆ, ದಿಟವಾ ಸ್ವಾಮಿ?"

"ದಿಟ ತಾಯಿ. ಕಲ್ಲೇ ಕರಗಿ ನೀರಿನ ಹಾಗೆ ಹರಿದಿತ್ತು."

"ಯಾವ ಕಾಲ್ದಾಗೆ?"

"ಹೇಳೋಕೆ ಬರೋಲ್ಲ. ಮನುಷ್ಯರಿರಲಿ, ಹುಲ್ಲೂ ಇರದ ಕಾಲ."

ಅವಳು ಬಾವಿಯ ಕಡೆ ನೋಡಿದಳು. "ಅಷ್ಟು ಹಿಂದಿನದು ತಿಳಿಯುತ್ತೆ ಅಂದ್ರೆ, ಈ ಬಾವಿಗೆ ನೀರು ಯಾವಾಗ ಬರ್ತದೆ ಅಂತ್ಲೂ ತಿಳೀಬೇಕಲ್ಲ?"

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. "ಅದು ನನಗೆ ತಿಳಿಯೋಲ್ಲ ತಾಯಿ" ಎಂದರು.

ಬೆಂಗಳೂರಿಗೆ ಕಾಗದ ಹೋಯಿತು. ಮೇಲಧಿಕಾರಿಗಳು ಬರುವುದಕ್ಕೆ ನಾಲ್ಕು ದಿನ ಮುಂಚೆ ಮಳೆ ಹೊಡೆಯಿತು, ಹೊಲದ ಬದುಗಳು ಕೊಚ್ಚಿಹೋಗುವಂಥ ಮಳೆ. ಅವರು ಬಾವಿಯ ಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತಾಗ ಒಳಗೆ ಎರಡಾಳು ಆಳದ ಕೆಂಪು ನೀರು. ಚಿತ್ರವನ್ನೂ ಮೂರು ತುಂಡುಗಳನ್ನೂ ಬಹಳ ಹೊತ್ತು ಪರೀಕ್ಷಿಸಿದರು. "ಚಿತ್ರ ಬರೆದವರನ್ನ ನಾನು ನಂಬ್ತೀನಿ. ಆದರೂ ಕಣ್ಣಾರೆ ನೋಡದೆ ವರದೀಲಿ ಅಚ್ಚು ಹಾಕಿಸೋಕಾಗೋಲ್ಲ. ಬರುವ ಬೇಸಗೆ ನೋಡೋಣ" ಎಂದು ಎಲ್ಲವನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ನಮ್ಮ ಅಧಿಕಾರಿಗಳು ರಜೆಯ ಮೇಲೆ ಊರಿಗೆ ಹೋದರು. ಬೀರೂರಿನಲ್ಲಿ ರೈಲು ಹತ್ತಿಸಿದವನು ನಾನೇ. ದಸರೆಗೆ ಮುಂಚೆ ಅವರು ತೀರಿಕೊಂಡ ಸುದ್ದಿ ಬಂತು.

ಮರು ಬೇಸಗೆ ನಾನು ಒಂಟಿಮನೆಗೆ ಹೋದೆ. ಹೂಳು ಎತ್ತಿದ್ದರಿಂದಲೋ ಮಳೆ ಚೆನ್ನಾಗಿ ಆದದ್ದರಿಂದಲೋ ಬಾವಿಯಲ್ಲಿ ನೀರು ತುಳುಕುತ್ತಿತ್ತು. ಅವ್ವ ನನ್ನ ಕೈಹಿಡಿದು ಕಟ್ಟೆಗೆ ಕರೆದೊಯ್ದು, "ನೋಡೋ, ಹೆಂಗೈತೆ!" ಎಂದಳು. ಚೆನ್ನಾಗಿದೆ ಅವ್ವ ಎಂದೆ. ಮುಖವನ್ನು ಎಷ್ಟು ಬಿಗಿ ಹಿಡಿದರೂ ನನ್ನ ನಿರಾಶೆ ಅವಳಿಗೆ ಗೊತ್ತಾಯಿತು. ಒಳಗೆ ಕರೆದು ಊಟಕ್ಕೆ ಇಟ್ಟಳು.

ಮುಂದೆ ಮೂರು ಬೇಸಗೆ ಕಳೆದರೂ ಆ ನೀರು ಇಳಿಯಲಿಲ್ಲ. ಅಷ್ಟರಲ್ಲಿ ಮೇಲಧಿಕಾರಿಗಳು ನಿವೃತ್ತರಾದರು. ಅವರ ನಂತರ ಅಚ್ಚಾದ ವರದಿಯೊಂದರಲ್ಲಿ ಅಜ್ಜಂಪುರದ ಕರಿಕಲ್ಲಿನ ಬಗ್ಗೆ ಒಂದು ಸಾಲು ಇತ್ತು: ಇದು ಹಿಂದೆ ಜ್ವಾಲಾಮುಖಿಯಿಂದ ಹರಿದದ್ದು ಇರಬಹುದು. ಅಧಿಕಾರಿಗಳ ಹೆಸರೂ ಇರಲಿಲ್ಲ, ಬಾವಿಯ ಮಾತೂ ಇರಲಿಲ್ಲ. ಅದನ್ನು ಓದಿದ ವಾರವೇ, ಅಲ್ಲಿಯವರೆಗೆ ಅದೇ ಕೆಲಸದಲ್ಲಿದ್ದ ನಾನು ಸುತ್ತಿಗೆಯನ್ನೂ ಚೀಲವನ್ನೂ ಕಚೇರಿಗೆ ಒಪ್ಪಿಸಿ ಯಗಟಿಗೆ ನಡೆದುಬಿಟ್ಟೆ.