ದಿಲನಾಜ ಬರದ ಖರೇ ಟೈಮು

ರಾಣೇಬೆನ್ನೂರಿನ ದಿಲನಾಜ ಜಂಪರ ಹೊಲಿಯಾಕಿ. ಖರೇ ಹೇಳಬೇಕಂದ್ರ, ಹೊಲಿಗಿಗಿಂತ ಊರ ಉಸಾಬರಿನ ಹೆಚ್ಚು. ಅಲ್ಲಿ ನಾಟಕ ಸಂಘದವರು ವರ್ಷಕ್ಕೊಂದು ನಾಟಕ ಮಾಡತಿದ್ರು. ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕೋಲು ಹಿಡದವರು ನೋಡಾಕ ಬರೂದಿದ್ರ, ಅವರಿಗೆ ಮೊದಲ ಎಲ್ಲಾ ತಿಳಿಸಿ ತಯಾರು ಮಾಡೂ ಕೆಲಸ ಈಕಿಗೆ ಹಚ್ಚಿದ್ರು. ಸಭಾಭವನದ ಮೆಟ್ಟಲ ಬಗ್ಗೆ ಈಕಿ ಅಷ್ಟು ಬೈದಾಡಿದ್ಳು, ಬಾಯಿ ಮುಚ್ಚಸಾಕ ಬ್ಯಾರೆ ದಾರಿ ಇರಲಿಲ್ಲ.

ಬಾಯಿ ಮುಚ್ಚಲಿಲ್ಲ ಬಿಡ್ರಿ. ಮೆಟ್ಟಲ ಬಾಜೂಕ ಇಳಿಜಾರು ಹಾದಿ ಮಾಡಿಸಿದ್ಳು. ಕೊರಳಾಗಿನ ಟೇಪು ತಗೊಂಡು ಹೋಗಿ ಕಕ್ಕಸದ ಬಾಗಲಾ ಅಳದ್ಳು, ಇಪ್ಪತ್ನಾಕು ಇಂಚು. ಗಾಲಿಕುರ್ಚಿ ಇಪ್ಪತ್ತಾರು. "ಜಂಪರಾಗಿದ್ರ ಹೊಲಿಗಿ ಬಿಚ್ಚತಿದ್ದೆ" ಅಂತ ಚೌಕಟ್ಟು ಸಮೇತ ಕೀಳಿಸಿ, ಅರಮನಿ ಚಿತ್ರ ಇದ್ದ ಹಳೇ ನಾಟಕದ ಪರದೆ ಇಳಿಬಿಟ್ಳು. ಆ ವರ್ಷ ಕಕ್ಕಸಕ್ಕ ಹೋದವರೆಲ್ಲ ಅರಮನಿಗೆ ಹೋಗಿ ಬಂದ್ರು.

ಅಂಥವರು ಏಳು ಮಂದಿ ಬರಾವರಿದ್ರು. ಒಬ್ಬೊಬ್ಬರಿಗೂ ಫೋನ್ ಹಚ್ಚಿದ್ಳು. ಬ್ಯಾಡಗಿಯ ಉಡಚಪ್ಪಗ ಕಣ್ಣು ಕಾಣೂದಿಲ್ಲ. "ಎರಡನೇ ಅಂಕದಾಗ ಬಂದೂಕಿನ ಸಪ್ಪಳ ಆಗತೈತಿ, ಎದಿ ಹಿಡಕೊಂಡು ಕುಂದ್ರಬ್ಯಾಡ್ರಿ" ಅಂದ್ಳು.

"ಸಾಯೂದು ಯಾರು?"

"ಈಗ ಹೇಳಿದ್ರ ನೀವು ಬರೂದಿಲ್ಲ" ಅಂತ ಫೋನ್ ಇಟ್ಟಳು.

ತೊಡಕಾದದ್ದು ಮೇಡ್ಲೇರಿಯ ಮುತ್ತವ್ವಂದು. ಅಟ್ಟದಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗಿಂದ ಆಕಿ ಗಾಲಿಕುರ್ಚಿ ಮ್ಯಾಲ ಅದಾಳ, ಎರಡೂವರೆ ತಾಸಿಗಿಂತ ಹೆಚ್ಚು ಕುಂದ್ರಾಕ ಆಗೂದಿಲ್ಲ, ಕುಂತ್ರ ಹುಣ್ಣಾಗತಾವು. ಮಗಳು ರೋಹಿಣಿ ಮೂರು ವರ್ಷದಿಂದ ಸಂಘದ ನಾಟಕದಾಗ ಪಾರ್ಟು ಮಾಡತಾಳ. ಮೂರೂ ವರ್ಷ ಮುತ್ತವ್ವ ಬಂದು, ಭಾಷಣ ಕೇಳಿ, ಮಗಳು ರಂಗಕ್ಕ ಬರೂದರೊಳಗ ಟಂಟಂ ಗಾಡಿ ಹತ್ತಿ ಮನಿಗೆ ಹೋಗ್ಯಾಳ. "ಈ ಸಲ ನೋಡದಿದ್ರ ಮುಂದ ನೋಡೂದಿಲ್ಲವಾ. ಲಗ್ನ ಗೊತ್ತಾಗೇತಿ, ಗಂಡನ ಊರಿಗೆ ಹೋಗತಾಳ" ಅಂದ್ಳು.

ಆವಾಗ ದಿಲನಾಜ ಒಂದು ಹಾಳಿ ತಗೊಂಡು ಕುಂತ್ಳು. ಆಮಂತ್ರಣ ಕಾರ್ಡಿನ ಟೈಮು ಒಂದು ಕಡೆ, ಖರೇ ಟೈಮು ಒಂದು ಕಡೆ. ಕಾರ್ಡಿನ ಪ್ರಕಾರ ಮಧ್ಯಾಹ್ನ ಮೂರಕ್ಕ ಶುರು. ಖರೇ ಅಂದ್ರ ಅತಿಥಿಗಳು ಉಂಡು, ಮಲಗಿ, ಎದ್ದು ಬರೂದು ಮೂರೂ ಮುಕ್ಕಾಲಕ್ಕ. ಕಾರ್ಡಿನ್ಯಾಗ ಅಧ್ಯಕ್ಷ ಪರಮೇಶಪ್ಪನವರ ಎರಡು ಮಾತು. ಖರೇ ಅಂದ್ರ ಮೂವತ್ತೈದು ನಿಮಿಷ, ಅದರಾಗ "ಕೊನೆಯದಾಗಿ" ಅಂದಮ್ಯಾಲ ಹನ್ನೆರಡು. ಆಮ್ಯಾಲ ಅತಿಥಿಗಳ ಭಾಷಣ. ನಾಟಕ ಐದಕ್ಕ. ರೋಹಿಣಿ ಬರೂದು ಆರೂವರೆಗೆ. ಇದನ್ನ ಏಳೂ ಮಂದಿಗೆ ವಾಟ್ಸಾಪಿನ್ಯಾಗ ಬರದೂ ಕಳಿಸಿದ್ಳು, ಓದಿಯೂ ಕಳಿಸಿದ್ಳು.

ಊರಾಗ ಇಂಥಾದ್ದು ಮುಚ್ಚಿ ಇಡಾಕ ಆಗತೈತೇನು? ಏಳು ಎಪ್ಪತ್ತಾತು, ಎಪ್ಪತ್ತು ಏಳನೂರಾತು. ಭಾಷಣ ತಪ್ಪಿಸೂ ಗರಜು ಇಡೀ ತಾಲೂಕಿಗೇ ಇತ್ತು.

ಐತವಾರ ಮೂರಕ್ಕ ನೋಡಿದ್ರ ಕುರ್ಚಿ ಮುನ್ನೂರು, ಮಂದಿ ಹನ್ನೊಂದು. ಅದರಾಗ ನಾಕು ಮಂದಿ ಹಾರ ತಂದವರು. "ಖಾಲಿ ಕುರ್ಚಿಗೆ ಭಾಷಣ ಮಾಡಾಕ ನನಗೇನು ಹುಚ್ಚು ಹಿಡದೈತೇನು? ಮಂದಿ ಬರಲಿ" ಅಂತ ಪರಮೇಶಪ್ಪ ಚಾ ಕುಡಕೊಂತ ಕುಂತ. ಐದಕ್ಕ ಮಂದಿ ಜಾತ್ರಿ ಕೂಡಿದಂಗ ಬಂತು. ಮುತ್ತವ್ವನೂ ಹಾಳಿ ನಂಬಿ ಆವಾಗ ಬಂದ್ಳು. ಪರಮೇಶಪ್ಪ ಶಾಲು ಸರಿ ಮಾಡಿಕೊಂಡು ಎದ್ದ. ತಾ ಕಟ್ಟಿದ ಗಂಟು ತನಗ ಸುತ್ತಿಕೊಂಡದ್ದು ದಿಲನಾಜಗ ತಿಳೀತು. ಓಡಿ ಹೋಗಿ ಅಡ್ಡ ನಿಂತ್ಳು.

ಅವ ಮೊಬೈಲ್ ಹಿಡದು ತೋರಿಸಿದ. "ಇದು ನೀ ಬರದದ್ದೇನವಾ?"

"ಹೌದ್ರಿ. ತಪ್ಪಿದ್ರ ತಿದ್ದರಿ."

"ಮೂವತ್ತೈದಲ್ಲ, ಇಪ್ಪತ್ತೆಂಟು."

"ಅಧ್ಯಕ್ಷರ, ಮುಂದಿನ ಸಾಲಿನ್ಯಾಗ ಕುಂತಾಕಿ ರೋಹಿಣಿ ಅವ್ವ. ನೀವು ಈಗ ಇಪ್ಪತ್ತೆಂಟ ಮಾತಾಡ್ರಿ, ಅತಿಥಿಗಳು ಉಳಕೀದು ಮಾತಾಡಲಿ, ಆಕಿ ಮಗಳನ್ನ ನೋಡದ ಹೋಗತಾಳ. ನಾಟಕ ಮುಗದಮ್ಯಾಲ ಮಾತಾಡ್ರಿ."

"ಆವಾಗ ಯಾರು ಕುಂದರತಾರ?"

"ಒಬ್ಬರೂ ಏಳದಂಗ ನೋಡಿಕೊಳ್ಳೂದು ನನ್ನ ಜವಾಬ್ದಾರಿ."

ಪರಮೇಶಪ್ಪ ಮುತ್ತವ್ವನ ಕಡೆ ನೋಡಿದ. ಮನಷ್ಯಾ ಕೆಟ್ಟಾವಲ್ಲ, ನಾಲಿಗಿ ಉದ್ದ ಅಷ್ಟ. ಶಾಲು ತಗದು ಕುಂತ.

ನಾಟಕ ಐದೂ ಕಾಲಕ್ಕ ಶುರುವಾಗಿ ಏಳೂ ಕಾಲಕ್ಕ ಮುಗೀತು. ಮಂದಿ ಚಪ್ಪಾಳಿ ಹೊಡದು ಏಳೂದರಾಗ ದಿಲನಾಜ ಮೈಕಿಗೆ ಬಂದ್ಳು. "ಗಾಲಿಕುರ್ಚಿಯವರು, ಕೋಲಿನವರು ಮೊದಲ ಇಳದು ಹೋಗಲಿ. ಹಾದಿ ಸಣ್ಣದೈತಿ, ಅಲ್ಲಿಮಟ ಯಾರೂ ಏಳಬ್ಯಾಡ್ರಿ. ಅಷ್ಟರಾಗ ಅಧ್ಯಕ್ಷರು ಎರಡು ಮಾತು ಹೇಳತಾರ." ಅಂಥವರ ಹಾದಿಗೆ ಅಡ್ಡ ಎದ್ದು ಹೋಗಾಕ ಯಾರಿಗೆ ಮಾರಿ ಇರತೈತಿ? ಮುನ್ನೂರು ಮಂದಿ ಹಲ್ಲು ಕಡಕೊಂತ ಕುಂತ್ರು.

ಹೊರಗ ಇಳಿಜಾರಿನ ನಡುವ ರೋಹಿಣಿ ಬಣ್ಣಾನೂ ತೊಳಕೊಳ್ಳದ ಓಡಿ ಬಂದು, ಅವ್ವನ ಗಾಲಿಕುರ್ಚಿ ಮುಂದ ಕುಕ್ಕರಗಾಲಿಲೆ ಕುಂತ್ಳು. "ಹೆಂಗಾತಬೇ?"

"ಅಳೂಮುಂದ ಸೆರಗಿಲೆ ಮಾರಿ ಮುಚ್ಚಿಕೊಂಡಿ" ಅಂದ್ಳು ಮುತ್ತವ್ವ. "ನಾ ಬಂದದ್ದು ಆ ಮಾರಿ ನೋಡಾಕ."

ರೋಹಿಣಿ ಎದ್ದು ನಿಂತು, ಸೆರಗು ಟೊಂಕಕ್ಕ ಸಿಗಿಸಿ, ಆ ಪ್ರವೇಶ ಮತ್ತ ಮೊದಲಿಂದ ಶುರು ಮಾಡಿದ್ಳು. ಹಾದಿ ಕಟ್ಟಿತು. ಹಿಂದ ನಿಂತ ಆರೂ ಮಂದಿಗೆ ಅವಸರ ಇರಲಿಲ್ಲ. ದಿಲನಾಜ ಗಡಿಯಾರ ನೋಡಿದ್ಳು. ಮುತ್ತವ್ವನ ಎರಡೂವರೆ ತಾಸಿನ್ಯಾಗ ಇನ್ನೂ ಹತ್ತು ನಿಮಿಷ ಇದ್ದುವು. ಟಂಟಂದವಗ ನಿಲ್ಲು ಅಂತ ಕೈ ಮಾಡಿ, ತಾನೂ ಅಲ್ಲೇ ಗ್ವಾಡಿಗೆ ಆತು ನಿಂತ್ಳು.