ಸಣ್ಣಪ್ಪನನ್ನು ಕರೆತಂದ ಮೇಡಂ

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲೂ ಮೇಡಂ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದರು. ಬೂದು ಬಣ್ಣದ, ಗಂಡಸರ ಕಾಲುಚೀಲ. ಅದರೊಳಗೆ ಕಾಲುಂಗುರಗಳು ಕಡಲೆಕಾಳಿನಂತೆ ಉಬ್ಬಿ ಕಾಣುತ್ತಿದ್ದವು. ಧೂಳು ಬರಬಾರದೆಂದು ಕಂಪ್ಯೂಟರ್ ಕೋಣೆಯ ಹೊರಗೇ ಎಲ್ಲರೂ ಚಪ್ಪಲಿ ಬಿಡುತ್ತಿದ್ದ ಕಾಲ ಅದು. ಮೇಲೆ ಏಸಿ, ಕೆಳಗೆ ತಣ್ಣನೆಯ ನೆಲ. ನಾವೆಲ್ಲ ಕಾಲಿನ ಮೇಲೆ ಕಾಲಿಟ್ಟು ಮುದುಡಿ ಕೂತರೆ, ಅವರು ಸದ್ದಿಲ್ಲದೆ ಓಡಾಡಿಕೊಂಡಿರುತ್ತಿದ್ದರು. ಬೆನ್ನ ಹಿಂದೆ ಬಂದು ನಿಂತಿದ್ದಾರೆಂದು ತಿಳಿಯುತ್ತಿದ್ದುದು ವಿಭೂತಿಯ ವಾಸನೆಯಿಂದ ಮಾತ್ರ.

ಅವರ ತವರು ಆವರಗೆರೆ, ಕೊಟ್ಟದ್ದು ಹರಿಹರಕ್ಕೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು ದಾವಣಗೆರೆಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಎರಡರಿಂದ ಐದರವರೆಗೆ ಆಟ. ಪಾಠದಲ್ಲಿ ಅವರದೊಂದು ಪದ್ಧತಿ ಇತ್ತು. ಅಭ್ಯಾಸ ಮೊದಲು ಮುಗಿಸಿದವನು ಎದ್ದು ಹೋಗುವಂತಿಲ್ಲ. ಮುಗಿಸದವನ ಪಕ್ಕಕ್ಕೆ ಹೋಗಿ ಕೂರಬೇಕು. ಎಲ್ಲರದೂ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಅವಸರ ಮಾಡಿದವರಿಗೆ ಒಂದೇ ಉತ್ತರ: "ನಮ್ಮ ಹೊಲದಾಗ ಹತ್ತಿ ಬಿಡಿಸ್ವಾಗ ತನ್ನ ಸಾಲು ಮುಗಿಸಿದಾಕಿ ಬದುವಿನ ಮ್ಯಾಲೆ ಕೂಡ್ತಿರಲಿಲ್ಲ. ತಿರುಗಿ ಬಂದು ಹಿಂದೆ ಬಿದ್ದಾಕಿ ಸಾಲಿಗೆ ಕೈ ಹಾಕ್ತಿದ್ಲು. ನೀವೇನು ಅವರಿಗಿಂತ ದೊಡ್ಡೋರೇನು?"

ನಾನು ದೊಡ್ಡವನೆಂದೇ ನಂಬಿದ್ದೆ. ತೊಂಬತ್ತೊಂಬತ್ತನೇ ಇಸವಿ; ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಆ ಕೇಂದ್ರದ ಎರಡು ಕಂಪ್ಯೂಟರ್‌ಗಳಿಗೆ ಹೊಸದಾಗಿ ಇಂಟರ್‌ನೆಟ್ ಬಂದಿತ್ತು. ಇಬ್ಬಿಬ್ಬರ ಜೋಡಿ ಕಟ್ಟಿಕೊಂಡು, ಯಾವ ದೇಶದವರೋ ಗೊತ್ತಿಲ್ಲದವರ ಎದುರು ಬಂದೂಕಿನ ಆಟ ಆಡಬಹುದಿತ್ತು. ನನ್ನಷ್ಟು ಚುರುಕು ಕೈ ಊರಲ್ಲಿ ಇನ್ನೊಂದಿರಲಿಲ್ಲ. ಇದು ಜಂಬವಲ್ಲ, ಅಂದು ಆಡಿದವರನ್ನು ಯಾರನ್ನು ಬೇಕಾದರೂ ಕೇಳಿ. ನನ್ನ ಜೋಡಿ ಕುಕ್ಕುವಾಡದಿಂದ ಬರುತ್ತಿದ್ದ ಸಹಪಾಠಿ. ಕಾಲೇಜಿನ ಮೊದಲ ದಿನದಿಂದ ಒಂದೇ ಬೆಂಚು, ಅವನ ಬುತ್ತಿಯಲ್ಲಿ ನನ್ನದು ಅರ್ಧ ಪಾಲು. ಆದರೆ ಅವನ ಕೈ ನಿಧಾನ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗೆಲ್ಲುವ ಆಟವೊಂದು ಅವನಿಂದಾಗಿ ಕೈತಪ್ಪಿತು. ನಾನು ಎದ್ದು ನಿಂತು, ಇಡೀ ಕೋಣೆಗೆ ಕೇಳುವಂತೆ, "ಹೋಗಿ ಎಮ್ಮೆ ಕಾಯಿ, ನಿನ್ನ ಕೈಗೆ ಮೌಸ್ ಯಾಕ ಬೇಕು" ಅಂದುಬಿಟ್ಟೆ. ಕೆಲವರು ನಕ್ಕರು. ಅವನು ಹೆಡ್‌ಫೋನ್ ತೆಗೆದು, ಅದರ ವೈರು ಸುತ್ತಿ, ಮೇಜಿನ ಮೇಲಿಟ್ಟು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಮರುದಿನದಿಂದ ಕಾಲೇಜಿನಲ್ಲೂ ಬೇರೆ ಬೆಂಚು. ಪರೀಕ್ಷೆಗೆ ಓದಿಕೊಳ್ಳುವ ರಜೆ ಶುರುವಾದಾಗ ಊರಿಗೆ ಹೋದವನು ಈ ಕಡೆ ತಲೆಯನ್ನೂ ಹಾಕಲಿಲ್ಲ.

ವಿಭೂತಿಯ ವಾಸನೆ ಆ ದಿನವೂ ನನ್ನ ಬೆನ್ನ ಹಿಂದೆಯೇ ಇತ್ತು. "ನಾಳಿಂದ ನಿನಗೆ ಈ ಸಾಲು ಬಂದ್," ಅಂದರು ಮೇಡಂ. "ಆಡ್ಲೇಬೇಕು ಅಂದ್ರೆ ನನ್ನ ರೂಮಿನಾಗ ಒಂದು ಮೆಷಿನ್ ಐತೆ. ಅದನ್ನ ಯಾರಿಗೂ ಜೋಡಿಸಿಲ್ಲ. ಅಲ್ಲಿ ಆಡು."

ಆ ಯಂತ್ರದಲ್ಲಿದ್ದದ್ದು ಮಂತ್ರ, ಕತ್ತಿ, ಗುಹೆ, ರಾಕ್ಷಸರ ಆಟ. ಒಬ್ಬರೇ ಕೂತು ಆರು ಜನರ ತಂಡವೊಂದನ್ನು ನಡೆಸಬೇಕು. ಎದುರಾಳಿಯಾಗಿ ಇನ್ನೊಬ್ಬ ಮನುಷ್ಯ ಇಲ್ಲ, ಬೈಯಲಿಕ್ಕೂ ಯಾರೂ ಇಲ್ಲ. ಶಿಕ್ಷೆಯೆಂದೇ ಆಡತೊಡಗಿದೆ. ಆರು ಜನರನ್ನೂ ಬಲಭೀಮರಂಥ ಕತ್ತಿವೀರರನ್ನಾಗಿಯೇ ಮಾಡಿಕೊಂಡು, ಆರು ಜನಕ್ಕೂ ನನ್ನದೇ ಹೆಸರಿಟ್ಟು, ಒಂದರಿಂದ ಆರರವರೆಗೆ ನಂಬರು ಹಾಕಿದೆ. ಮೊದಲನೇ ಗುಹೆಯ ಜೇಡಗಳು ಕಚ್ಚಿ ವಿಷ ಏರಿದಾಗ ಗುಣ ಮಾಡುವವನು ಒಬ್ಬನೂ ಇರಲಿಲ್ಲ. ಆರೂ ನಾನುಗಳು ಸಾಲಾಗಿ ಮಲಗಿಬಿಟ್ಟೆವು.

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆರೂ ನೀನೇ ಆದ್ರೆ ಯಾರಿಗೆ ಯಾರು ದಿಕ್ಕಪ್ಪ? ಸರಿ, ನಂದು ನೋಡು."

ಅವರ ತಂಡ ಆಟದ ಕೊನೆಯ ಭಾಗಕ್ಕೆ ಬಂದಿತ್ತು. ಅದರಲ್ಲಿ ಸಣ್ಣಪ್ಪ ಎಂಬ ಬಡಕಲು ಮಂತ್ರವಾದಿಯೊಬ್ಬನಿದ್ದ. ಹೆಸರು ಮೇಡಂ ಇಟ್ಟದ್ದು. ಎರಡು ಏಟಿಗೆ ಬೀಳುವ ಆಸಾಮಿ. ಜಗಳ ಶುರುವಾದ ಕೂಡಲೇ ಮೇಡಂ ಒಂದು ಕೀಲಿ ಒತ್ತಿ ಆಟವನ್ನು ನಿಲ್ಲಿಸುತ್ತಿದ್ದರು. ಆ ಆಟದಲ್ಲಿ ಹಾಗೆ ಕಾಲವನ್ನೇ ನಿಲ್ಲಿಸಬಹುದು. ಆಮೇಲೆ ಮೊದಲು ಸಣ್ಣಪ್ಪನನ್ನು ಯಾರ ಬೆನ್ನಿಗೆ ನಿಲ್ಲಿಸುವುದೆಂದು ನೋಡಿ, ಉಳಿದವರಿಗೆ ಅದರ ಮೇಲೆ ಕೆಲಸ ಹಂಚುತ್ತಿದ್ದರು. ಆಟವನ್ನು ಉಳಿಸಿಡಲು ಹತ್ತು ಜಾಗಗಳಿದ್ದರೂ ಅವರು ಬಳಸುತ್ತಿದ್ದದ್ದು ಒಂದನ್ನೇ. "ಎರಡು ಇಟ್ಕೊಂಡ್ರೆ ಮನಸ್ಸು ಸಡ್ಲ ಆಗ್ತೈತೆ," ಅನ್ನುತ್ತಿದ್ದರು. ಒಂದು ತಿಂಗಳು ಅವರ ಪಕ್ಕ ಕೂತು ನೋಡಿದೆ. ಬಂದೂಕಿನ ಆಟ ನೆನಪಾಗುವುದು ಕಡಿಮೆಯಾಯಿತು.

ಮೇ ತಿಂಗಳಲ್ಲಿ ಅವರು ಯಾರದೋ ಮದುವೆಗೆಂದು ಎರಡು ದಿನ ಬರಲಿಲ್ಲ. ನನ್ನ ಕೈ ಸುಮ್ಮನಿರಬೇಕಲ್ಲ! ಅವರ ಆಟವನ್ನೇ ತೆಗೆದು ಮುಂದೆ ಓಡಿಸಿದೆ. ಒಂದು ಸೇತುವೆಯ ಹತ್ತಿರ ಸಣ್ಣಪ್ಪ ಸತ್ತ. ಅವನ ಸಾಮಾನುಗಳನ್ನು ಉಳಿದವರಿಗೆ ಹಂಚಿ, ಹೆಣವನ್ನು ಅಲ್ಲೇ ಬಿಟ್ಟು, ನಾಲ್ಕು ಅಂತಸ್ತು ಕೆಳಗಿಳಿದು ಅವರ ಆ ಒಂದೇ ಜಾಗದಲ್ಲಿ ಆಟ ಉಳಿಸಿದೆ; ಹಳೆಯದು ಅಳಿಸಿಹೋಯಿತು. ನಾನು ದಾಟುತ್ತಾ ಬಂದಂತೆ ಹಿಂದಿನ ಬಾಗಿಲುಗಳು ಮುಚ್ಚಿಕೊಂಡಿದ್ದವು.

ಮೇಡಂ ಬಂದು ಪರದೆ ನೋಡಿದರು. "ಇವನೆಲ್ಲಿ?"

"ಸತ್ತ ಮೇಡಂ. ಅವನು ಇಲ್ಲದಿದ್ರೆ ಇನ್ನೂ ಬೇಗ ಬೇಗ ನಡೀತೈತೆ ನೋಡ್ರಿ. ಇನ್ನ ಸ್ವಲ್ಪದಾಗ ಮುಗೀತೈತೆ."

ಅವರು ಬೈಯಲಿಲ್ಲ. ಕಾಲುಚೀಲ ಮೇಲಕ್ಕೆ ಎಳೆದುಕೊಂಡು ಕುರ್ಚಿಯಲ್ಲಿ ಕೂತರು. ಐವರನ್ನೂ ಬಂದ ದಾರಿಯತ್ತ ತಿರುಗಿಸಿದರು. ಆ ಆಟದಲ್ಲೊಂದು ಊರಿತ್ತು; ಹೆಣವನ್ನು ಅಲ್ಲಿನ ಗುಡಿಗೆ ಹೊತ್ತು ತಂದರೆ ಸತ್ತವನು ಏಳುತ್ತಿದ್ದ. ಮುಚ್ಚಿದ ಬಾಗಿಲುಗಳನ್ನು ಬಿಟ್ಟು ಬೇರೆ ದಾರಿ ಹುಡುಕುತ್ತಾ, ಮಂತ್ರದ ಬಲವಿಲ್ಲದ ಐವರು ಮತ್ತೆ ಮತ್ತೆ ಸೋಲುತ್ತಾ, ಹತ್ತು ಹೆಜ್ಜೆ ಮುಂದೆ ಎಂಟು ಹೆಜ್ಜೆ ಹಿಂದೆ. ಒಂದು ವಾರ ಕಳೆದರೂ ಸೇತುವೆ ಸಿಗಲಿಲ್ಲ. ತಡೆಯಲಾರದೆ ಹೇಳಿದೆ: "ಬ್ಯಾಡ ಬಿಡ್ರಿ ಮೇಡಂ, ಊರಾಗ ಇನ್ನೊಬ್ಬ ಮಂತ್ರವಾದಿ ಸಿಗ್ತಾನೆ."

"ಸಿಗ್ತಾನೆ," ಅಂದರು ಪರದೆಯಿಂದ ಕಣ್ಣು ತೆಗೆಯದೆ. "ಆದ್ರೆ ಅವನು ಇವನಲ್ಲ."

ಅಷ್ಟೇ ಅಂದದ್ದು. ನನ್ನ ಕಡೆ ನೋಡಲೂ ಇಲ್ಲ. ಆದರೂ ನನಗೆ ಅಲ್ಲಿ ಕೂತಿರಲಾಗಲಿಲ್ಲ. ನಾಚಿಕೆಯಾಯಿತು. ಮರುದಿನ ಕುಕ್ಕುವಾಡದ ಬಸ್ಸು ಹತ್ತಿದೆ.

ಗೆಳೆಯ ಮನೆಯ ಮುಂದೆ ಸೈಕಲ್ ತೊಳೆಯುತ್ತಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ "ನಾನು ಅಂದಿದ್ದು ತಪ್ಪು" ಎಂಬುದಷ್ಟೇ ಹೊರಗೆ ಬಂತು.

"ತಪ್ಪೇ," ಅಂದ ಅವನು. ಚಿಂದಿ ಬಟ್ಟೆ ಹಿಂಡಿ ಹ್ಯಾಂಡಲ್ ಮೇಲೆ ಹರವಿದ. "ನೀನು ಅಂದಿದ್ದಕ್ಕಲ್ಲ, ಉಳಿದೋರು ನಕ್ಕಿದ್ದಕ್ಕೆ ಬ್ಯಾಸರ ಆತು. ಬಾ, ರೊಟ್ಟಿ ಬಿಸಿ ಐತೆ."

ಸೇತುವೆಯ ಹುಡುಕಾಟದ ಮೂರನೇ ವಾರ ಅವನೂ ನನ್ನ ಜೊತೆ ಮೇಡಂ ಕೋಣೆಗೆ ಬಂದ. ಅವನು ಬಂದ ಮರುದಿನವೇ ಸೇತುವೆ ಸಿಕ್ಕಿತು. ಐವರೂ ಸಣ್ಣಪ್ಪನ ಹೆಣ ಹೊತ್ತು ಊರಿನ ಗುಡಿಗೆ ತಂದರು. ಪೂಜಾರಿ ಮಂತ್ರ ಹಾಕಿದ. ಬಡಕಲು ಮನುಷ್ಯ ಎದ್ದು ನಿಂತ. ಗೆಳೆಯ ಕೇಳಿದ, "ಇವನ್ನ ಬಿಟ್ಟು ಬಂದೋರು ಯಾರು?" "ನಾನೇ," ಅಂದೆ. "ಅಂದ್ಕೊಂಡೆ," ಅಂದ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೇ ಕೊನೆಗೆ ಅವರು ಕೇಂದ್ರ ಬಿಟ್ಟು ಜೂನ್‌ನಲ್ಲಿ ಹರಿಹರದ ಶಾಲೆಯೊಂದಕ್ಕೆ ಸೇರಿದರು. ಕೇಂದ್ರ ಬೇರೆಯವರ ಕೈಗೆ ಹೋಗಿ, ಮೇಡಂ ಮುಗಿಸದೆ ಬಿಟ್ಟ ಆಟವೂ ಸೇರಿ ಯಂತ್ರಗಳಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ನಮಗೆ ಅದು ದಿಢೀರೆಂದು ಆದಂತೆ ಕಂಡಿತು. ನಾನೂ ಗೆಳೆಯನೂ ಅಂಥ ಆಟಗಳನ್ನು ಇಂದಿಗೂ ಒಂದೇ ಪರದೆಯ ಮುಂದೆ ಕೂತು ಆಡುತ್ತೇವೆ, ಮೂವರು ಅವನ ಪಾಲಿಗೆ, ಮೂವರು ನನ್ನ ಪಾಲಿಗೆ. ಅವನ ಕೈ ಈಗಲೂ ನಿಧಾನ. ಅವನು ಹೇಳಿದಂತೆ ಆಡಿದಾಗಲೇ ಹೆಚ್ಚು ಗೆದ್ದಿದ್ದೇವೆ.

ಹೋದ ವರ್ಷ ಮೇಡಂ ತೀರಿಕೊಂಡರು. ಇಬ್ಬರೂ ಹರಿಹರಕ್ಕೆ ಮಣ್ಣಿಗೆ ಹೋಗಿದ್ದೆವು. ಎಲ್ಲ ಮುಗಿದ ಮೇಲೆ ಅವರ ಯಜಮಾನರು ನಮ್ಮನ್ನು ಕೂರಿಸಿಕೊಂಡು ಹಳೆಯದನ್ನೆಲ್ಲ ತೆಗೆದರು. "ಆ ವರ್ಷ ಮೇ ಕೊನೆಗೆ ಸೆಂಟರ್ ಬಿಡಬೇಕು ಅಂತ ಅಕಿಗೆ ಮೊದ್ಲೇ ಗೊತ್ತಿತ್ತು. ಮನ್ಯಾಗ ಕಂಪ್ಯೂಟರ್ ಇರಲಿಲ್ಲ. 'ಇನ್ನ ಮೂರು ವಾರ ಐತ್ರೀ, ಅಷ್ಟರಾಗ ಆಟ ಮುಗಿಸ್ತೀನಿ, ಕೊನೆಗೆ ಏನಾಗ್ತೈತೆ ನೋಡ್ಬೇಕು' ಅಂತ ಕುಣೀತಿದ್ಲು. ಒಂದಿನ ಬಂದು, 'ಮುಗಿಯಂಗಿಲ್ಲ ಬಿಡ್ರಿ, ಹಿಂದೆ ಒಬ್ಬನ್ನ ಬಿಟ್ಟು ಬಂದೀವಿ' ಅಂದ್ಲು."

ಬಿಟ್ಟು ಬಂದವನು ನಾನೊಬ್ಬನೇ. ಮನೆಯಲ್ಲಿ ಗಂಡನ ಮುಂದೆಯೂ ಅವರು "ಬಂದೀವಿ" ಅಂದಿದ್ದರು.